ಬೀಡನ ಇತಿಹಾಸ: ಸತ್ಯನಿಷ್ಠೆಯೂ ಅದರ ಮೇರೆಯೂ

ರೋಮನರ ಆಳಿಕೆ ಅಳಿದ ತರುವಾಯ ಪಶ್ಚಿಮ ಯೂರೋಪಿನಲ್ಲಿ ಹುಟ್ಟಿದ ಚರಿತ್ರಗ್ರಂಥಗಳಲ್ಲಿ, ನಾರ್ಥಂಬ್ರಿಯದ ಜ್ಯಾರೋ ಮಠದ ಸನ್ಯಾಸಿಯಾದ ಬೀಡನು 731ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿಸಿ ಮುಗಿಸಿದ ಆಂಗ್ಲಜನರ ಧರ್ಮಸಭೆಯ ಇತಿಹಾಸಕ್ಕೆ ಅಗ್ರಸ್ಥಾನವನ್ನು ಕೊಡುವುದು ಯುಕ್ತವೆಂದು ನಾನು ಭಾವಿಸುತ್ತೇನೆ. ಏಳು ವರ್ಷದ ಬಾಲಕನಾಗಿ ಮಠವನ್ನು ಹೊಕ್ಕು, 735ರಲ್ಲಿ ಕಾಲವಾಗುವವರೆಗೂ ಅಲ್ಲಿಯೇ ಬಾಳಿದ ಈ ವಿದ್ವಾಂಸನಿಗೆ, ಮಠಸ್ಥಾಪಕನಾದ ಬೆನೆಡಿಕ್ಟ್ ಬಿಸ್ಕಪ್ಪನು ರೋಮ್ ಮೊದಲಾದ ಕಡೆಗಳಿಂದ ತಂದಿರಿಸಿದ್ದ ಪುಸ್ತಕಭಂಡಾರವೇ ಲೋಕದ ಬಾಗಿಲಾಯಿತು.

ಐದು ಸಂಪುಟಗಳ ಈ ಗ್ರಂಥದ ಮೊದಲ ಗುಣ ಆಧಾರನಿಷ್ಠೆ. ಕೆಯೋಲ್‌ವುಲ್ಫ್ ದೊರೆಯನ್ನು ಸಂಬೋಧಿಸಿ ಬರೆದ ಪೀಠಿಕೆಯಲ್ಲಿಯೇ, ಯಾವ ಸಂಗತಿ ಯಾರಿಂದ ತಿಳಿಯಿತೆಂಬುದನ್ನು ಬೀಡನು ನಿವೇದಿಸುತ್ತಾನೆ: ಕ್ಯಾಂಟರ್ಬರಿಯ ಮಠಾಧಿಪತಿ ಆಲ್ಬಿನಸ್ ಒದಗಿಸಿದ ವಿಷಯಗಳು, ಲಂಡನ್ನಿನ ಪಾದ್ರಿ ನೋಥೆಲ್ಮನು ರೋಮಿನ ದಫ್ತರಗಳಲ್ಲಿ ಹುಡುಕಿ ಪ್ರತಿಮಾಡಿ ತಂದ ಪೋಪರ ಪತ್ರಗಳು, ಅನೇಕ ಮಠಗಳ ವೃದ್ಧರ ಸಾಕ್ಷ್ಯ. ಪವಾಡಗಳು ಕೃತಿಯಲ್ಲಿ ಹೇರಳವಾಗಿವೆಯಾದರೂ, ಅವುಗಳಿಗೂ ಹೇಳಿದವರಾರೆಂಬುದನ್ನು ಆತನು ಅನೇಕ ಕಡೆ ಕಾಣಿಸಿರುವನು. ಕ್ರಿಸ್ತಜನನದಿಂದ ವರ್ಷಗಳನ್ನೆಣಿಸುವ ಪದ್ಧತಿ ಆತನ ಸೃಷ್ಟಿಯಲ್ಲವಾದರೂ, ಅದು ಯೂರೋಪಿನಲ್ಲಿ ಪ್ರಚಾರಕ್ಕೆ ಬರಲು ಈ ಕೃತಿ ಬಹುಮಟ್ಟಿಗೆ ಕಾರಣವಾಯಿತು.

ಆದರೆ ಚರಿತ್ರಕಾರನ ನಿಜವಾದ ಪರೀಕ್ಷೆ ನಡೆಯುವುದು, ತನ್ನ ಮತಕ್ಕೆ ಒಪ್ಪದವರನ್ನು ಕುರಿತು ಬರೆಯುವಾಗ. ಅಯೋನ ದ್ವೀಪದಿಂದ 635ರಲ್ಲಿ ಬಂದು ಲಿಂಡಿಸ್‌ಫಾರ್ನಿನಲ್ಲಿ ನೆಲೆಸಿದ ಐರಿಷ್ ಬಿಷಪ್ ಐಡನನು, ಈಸ್ಟರ್ ದಿನದ ಗಣನೆಯಲ್ಲಿ ರೋಮಿನ ಕ್ರಮವನ್ನನುಸರಿಸಿದವನಲ್ಲ; ಬೀಡನಾದರೋ ಆ ಗಣಿತದಲ್ಲಿ ಪಾರಂಗತನಾಗಿ, ಅದನ್ನು ಧರ್ಮದ ಮುಖ್ಯ ಪ್ರಶ್ನೆಯೆಂದೇ ಬಗೆದವನು. ಹಾಗಿದ್ದೂ ಐಡನನ ಆ ದೋಷವನ್ನು ಮುಚ್ಚದೆ, ರಾಜನಿತ್ತ ಕುದುರೆಯನ್ನು ಭಿಕ್ಷುಕನಿಗೆ ಕೊಟ್ಟ, ಶ್ರೀಮಂತರ ಕಾಣಿಕೆಯಿಂದ ದಾಸರನ್ನು ಬಿಡಿಸಿದ ಆತನ ಶೀಲವನ್ನು ತುಂಬುಮನಸ್ಸಿನಿಂದ ಕೊಂಡಾಡಿರುವುದು ಈ ಕೃತಿಯ ಅತ್ಯುನ್ನತ ಭಾಗ.

ಈ ಔದಾರ್ಯ, ಆಂಗ್ಲರಿಗಿಂತ ಮೊದಲೇ ಆ ನಾಡಿನಲ್ಲಿ ನೆಲೆಸಿದ್ದ ಬ್ರಿಟನ್ನರ ಎಲ್ಲೆಯಲ್ಲಿ ನಿಂತುಬಿಡುತ್ತದೆ. ಏಳನೆಯ ಶತಮಾನದ ಆದಿಯಲ್ಲಿ ಚೆಸ್ಟರಿನ ಕಾಳಗದ ವೇಳೆ, ಪ್ರಾರ್ಥನೆಗೆಂದು ಬಂದಿದ್ದ ನಿರಾಯುಧರಾದ ಬ್ರಿಟನ್ನರ ಸುಮಾರು 1200 ಸನ್ಯಾಸಿಗಳನ್ನು ಆಂಗ್ಲರ ಎಥೆಲ್‌ಫ್ರಿತ್ ದೊರೆ ಕೊಲ್ಲಿಸಿದನೆಂದು ಬೀಡನು ಬರೆಯುತ್ತಾನೆ. ಕೊಲ್ಲಿಸಿದವನು ಕ್ರೈಸ್ತನಲ್ಲ, ಸತ್ತವರು ಕ್ರೈಸ್ತರು. ಆದರೂ, ಆಂಗ್ಲರಿಗೆ ಧರ್ಮವನ್ನು ಬೋಧಿಸಲೊಲ್ಲದ ಬ್ರಿಟನ್ನರಿಗೆ ಇದು ಭವಿಷ್ಯವಾಣಿಯಂತೆ ಒದಗಿದ ದೈವದಂಡನೆಯೆಂಬುದು ಆತನ ತೀರ್ಮಾನ. ಐಡನನಿಗೆ ದೊರೆತ ಕರುಣೆ ಈ ಹತರಿಗೆ ದೊರೆಯಲಿಲ್ಲ. ಇದನ್ನು ಕಾಲಧರ್ಮವೆಂದು ಕ್ಷಮಿಸಿಬಿಡುವುದು ಸಾಧುವಲ್ಲ. ಏಕೆಂದರೆ ಅದೇ ಕಾಲದಲ್ಲಿ ಅದೇ ಲೇಖನಿ ಭಿನ್ನಮತೀಯನೊಬ್ಬನಿಗೆ ನ್ಯಾಯವನ್ನು ಸಲ್ಲಿಸಿತ್ತು.

ಆದರೂ ಆ ಸನ್ಯಾಸಿಗಳು ನಿರಾಯುಧರೆಂಬುದನ್ನೂ, ಅವರ ರಕ್ಷಣೆಗೆ ನಿಂತಿದ್ದವರು ಓಡಿಹೋದರೆಂಬುದನ್ನೂ ಮರೆಮಾಡದೆ ದಾಖಲಿಸಿದವನು ಬೀಡನೇ. ಆತನ ತೀರ್ಪನ್ನು ನಿರಾಕರಿಸಲು ಬೇಕಾದ ಸಂಗತಿಗಳು ಆತನ ಗ್ರಂಥದಲ್ಲಿಯೇ ಉಂಟು. ತನ್ನ ಪಕ್ಷಪಾತಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಅಳಿಸದೆ ಉಳಿಸಿದ ಕಾರಣದಿಂದ, ತೀರ್ಪಿನಲ್ಲಿ ತಪ್ಪಿದರೂ ಬೀಡನು ಶ್ರೇಷ್ಠ ಚರಿತ್ರಕಾರನೇ ಸರಿ.