ನಾರಾಯಣ ಸುರ್ವೆಯವರ ಕಾವ್ಯದಲ್ಲಿ ಗಿರಣಿ ಕೇರಿಯ ಮಾತು

ಮರಾಠಿಯ ನಾರಾಯಣ ಸುರ್ವೆಯವರನ್ನು (೧೯೨೬–೨೦೧೦) ಶ್ರಮಜೀವಿಗಳ ಕವಿಯೆಂದು ಕರೆಯುವುದು ರೂಢಿ. ಮಾತು ಸುಳ್ಳಲ್ಲ, ಆದರೆ ಈ ಬಿರುದಿನಿಂದ ಕವಿಯ ವೈಶಿಷ್ಟ್ಯವು ತಿಳಿಯುವುದಕ್ಕಿಂತ ಮರೆಯಾಗುವುದೇ ಹೆಚ್ಚು. ದುಡಿಯುವವರ ಪರವಾಗಿ ಬರೆದವರು ಬಹುಮಂದಿ. ಆ ಜನರು ತಾವಾಗಿಯೇ ಕವಿತೆಯೊಳಕ್ಕೆ ನಡೆದುಬಂದು ಕವಿಯನ್ನು ಮಾತಿಗೆಳೆಯುವುದು ಸುರ್ವೆಯವರಲ್ಲಿ ಕಾಣುವ ಸಂಗತಿ.

ಮುಂಬಯಿಯ ಪರೇಲ, ಲಾಲಬಾಗಗಳ ಸುತ್ತಣ ಗಿರಣಗಾಂವವು ಒಂದೇ ಜನದ ಬೀಡಾಗಿರಲಿಲ್ಲ. ಕೊಂಕಣದವರು, ಘಟ್ಟದ ಮೇಲಿನ ಮರಾಠಿಗರು, ತೆಲುಗು ಪದ್ಮಶಾಲಿಗಳು, ಉತ್ತರದೇಶದ ಭೈಯಾಗಳು, ಮುಸಲ್ಮಾನ ನೇಕಾರರು, ಎಲ್ಲರೂ ಗಿರಣಿಗಳಲ್ಲಿ ದುಡಿದರು. ಅವರು ಪರಸ್ಪರ ಆಡಿಕೊಂಡ ಮಾತು ಮರಾಠಿ-ಹಿಂದಿಗಳ ಬೆರಕೆ. ಬೀದಿಯಲ್ಲಿ ಸಿಕ್ಕ ಅನಾಥ ಶಿಶುವೊಂದನ್ನು ಗಂಗಾರಾಮ ಸುರ್ವೆಯೆಂಬ ಗಿರಣಿಯಾಳು ಎತ್ತಿ ಸಾಕಿ ತನ್ನ ಹೆಸರನ್ನಿತ್ತನು. ಆ ಮಗು ಮುಂದೆ ಹೋಟೆಲಿನಲ್ಲಿ ದುಡಿದು, ಗಿರಣಿಯಲ್ಲಿ ದುಡಿದು, ನಗರಸಭೆಯ ಶಾಲೆಯಲ್ಲಿ ಜವಾನನಾಗಿ, ಕಡೆಗೆ ಮಾಸ್ತರನಾಯಿತು. ೧೯೬೬ರ ಸಂಗ್ರಹಕ್ಕೆ 'ಮಾಝೇ ವಿದ್ಯಾಪೀಠ' ಎಂಬ ಹೆಸರು ಸುಮ್ಮನೆ ಬಂದುದಲ್ಲ.

'ಶೀಗವಾಲಾ' ಕವಿತೆಯಲ್ಲಿ ದಾವೂದ ಚಾಚಾ ಕೋಣೆಗೆ ಬಂದು, ಏನು ಬರೆಯುತ್ತಿರುವೆಯೆಂದು ಹುಡುಗನನ್ನು ಕೇಳುತ್ತಾನೆ. ಪ್ರಶ್ನೆ ಕೇಳುವ ಅಧಿಕಾರ ನೆರೆಯವನದು. ಉತ್ತರ ಹೇಳುವ ಹೊಣೆ ಕವಿಯದು. ಚಾಚಾನ ಬೆರಕೆ ಮಾತನ್ನು ಕವಿ ತಿದ್ದುವುದಿಲ್ಲ, ನಗೆಪಾಟಲಿಗೂ ಈಡುಮಾಡುವುದಿಲ್ಲ. 'ತುಮ್ಚಂಚ ನಾವ ಲಿವಾ' ಇನ್ನೂ ತೀಕ್ಷ್ಣವಾದುದು. ಮಗುವನ್ನು ಶಾಲೆಗೆ ಸೇರಿಸಲು ಬಂದ ಹೆಂಗಸು, ತಂದೆಯ ಹೆಸರಿನ ಜಾಗದಲ್ಲಿ ನಿಮ್ಮದನ್ನೇ ಬರೆದುಕೊಳ್ಳಿರೆಂದು ಮಾಸ್ತರನಿಗೆ ಹೇಳುತ್ತಾಳೆ. ಅವಳು ಕನಿಕರ ಬೇಡುವವಳಲ್ಲ. ಸಾಲದ ಹೆಸರಿನಿಂದಲೇ ಬಾಳಿದ ಕವಿಗೆ ಈ ಮಾತಿನ ತೂಕ ಇತರರಿಗಿಂತ ಚೆನ್ನಾಗಿ ಗೊತ್ತಿತ್ತು; ಆದರೂ ಕವಿತೆಯಲ್ಲಿ ತನ್ನ ಕಥೆಯನ್ನು ನಡುವೆ ತರದಿರುವ ಸಂಯಮವೇ ಅದರ ಬಲ.

ಎಲ್ಲ ಕವಿತೆಗಳೂ ಈ ಮಟ್ಟದವಲ್ಲ. ಘೋಷಣೆಯ ಧಾಟಿ ಹಿಡಿದಾಗ ನೆರೆಹೊರೆಯವರು ಮೌನವಾಗಿ, ಕವಿಯೊಬ್ಬನೇ ಎಲ್ಲರ ಪರವಾಗಿ ಮಾತನಾಡತೊಡಗುತ್ತಾನೆ. ಅಲ್ಲಿ ಆವೇಶವುಂಟು, ದಾವೂದನಿಲ್ಲ.

೧೯೮೨ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ನೆಲದ ಮೇಲೆ ಗಗನಚುಂಬಿ ಕಟ್ಟಡಗಳೆದ್ದಿವೆ. ಆ ಕೇರಿಯ ನುಡಿಗೆ ಈಗ ಇಂಥ ಕವಿತೆಗಳೇ ಸಾಕ್ಷಿ. ಆದುದರಿಂದ ಇವನ್ನು ಕನ್ನಡಿಸುವವನ ಹೊಣೆ ಸಣ್ಣದಲ್ಲ. ದಾವೂದನ ಮಾತನ್ನು ಶಿಷ್ಟ ಗ್ರಂಥಭಾಷೆಗೆ ಇಳಿಸಿದರೆ ಅವನು ಶಾಲಾ ತನಿಖಾಧಿಕಾರಿಯಾಗಿಬಿಡುತ್ತಾನೆ. ಹುಬ್ಬಳ್ಳಿ, ಕಲಬುರ್ಗಿಗಳ ಪೇಟೆಯಲ್ಲಿ ದಖನಿ ಬೆರೆತ ಕನ್ನಡ ಇಂದಿಗೂ ಕಿವಿಗೆ ಬೀಳುತ್ತದೆ. ಅನುವಾದಕನು ಮೊದಲು ಅಲ್ಲಿಗೆ ಹೋಗಿ ಕುಳಿತು ಕೇಳುವುದು ಲೇಸು. ನಿಘಂಟನ್ನು ಆಮೇಲೆ ತೆರೆಯಬಹುದು.