ಬೊಮ್ಮ ಹತ್ತಿದ ಹಡಗು ಯಾರದ್ದು?

ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ 1992ರಲ್ಲಿ ಬಂದ ಪುಸ್ತಕ. ನಾನು ಓದಿದ್ದು ತೀರಾ ತಡವಾಗಿ, ಶಾಲೆಯಿಂದ ನಿವೃತ್ತನಾದ ಮೇಲೆ. ಇಂಗ್ಲಿಷ್ ಪುಸ್ತಕದ ವಿಷಯ ನಮ್ಮ ವಾಚನಾಲಯದ ಸಂಕಲನದಲ್ಲಿ ಎಂತಕೆ ಎಂದು ಕೇಳಿಯಾರು. ಅದರಲ್ಲಿ ನಮ್ಮ ಕರಾವಳಿಯ ಒಬ್ಬ ಆಳು ಇದ್ದಾನೆ, ಅದಕ್ಕೆ.

ಅವನ ಹೆಸರು ಬೊಮ್ಮ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿಯ ಕೈಯಾಳು. ಧಣಿಯ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿ ಬಂದವನು. ಇಲ್ಲಿಂದ ಕರಿಮೆಣಸು, ಕಬ್ಬಿಣ, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿತ್ತು. ದೇವರ ಹೆಸರಿರಬಹುದಾದ ಬರಹವನ್ನು ಹರಿದೆಸೆಯಬಾರದೆಂದು ಕೈರೋದ ಯೆಹೂದಿ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಹಳೆಯ ಕಾಗದಗಳನ್ನು ತುಂಬಿಡುತ್ತಿದ್ದರು. ಈ ವ್ಯಾಪಾರಿಗಳ ಓಲೆಗಳು ಉಳಿದದ್ದು ಹಾಗೆ. 1148ರ ಒಂದು ಓಲೆಯಲ್ಲಿ ಏಡನ್ನಿನ ವ್ಯಾಪಾರಿ ಈ ಆಳಿಗೂ ವಂದನೆ ತಿಳಿಸಿದ್ದಾನೆ. ಘೋಷ್ ಹಿಡಿದದ್ದು ಆ ಒಂದು ಎಳೆಯನ್ನು. ಓಲೆಯಲ್ಲಿದ್ದ ಹೆಸರಿಗೆ ಸ್ವರಗಳಿರಲಿಲ್ಲ. ಅದು ತುಳುನಾಡಿನ ‘ಬೊಮ್ಮ’ ಇರಬೇಕೆಂಬ ತೀರ್ಮಾನಕ್ಕೆ ಅವರು ಬಂದದ್ದು ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ. ಅರಬ್ಬಿ ಬಲ್ಲವರು, ತುಳು ಬಲ್ಲವರು ಒಟ್ಟು ಕೂತರೆ ಮಾತ್ರ ಕಡಲಿನ ಚರಿತ್ರೆ ಬಿಡಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಕಥೆಯನ್ನು ನಮ್ಮ ಪಡುಬದಿಯ ಮೊಗವೀರ ಅಜ್ಜನಿಗೆ ಹೇಳಿದೆ. ಎಲ್ಲ ಕೇಳಿ ಅವರು, “ಅದೆಲ್ಲ ಸರಿ ಮಾಷ್ಟ್ರೇ, ಅವ ಹತ್ತಿದ ಹಡಗು ಯಾರದ್ದು? ಯಾವ ಗಾಳಿಗೆ ಬಿಟ್ಟದ್ದು?” ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಪುಸ್ತಕದ ಬಗ್ಗೆ ನನ್ನ ಆಕ್ಷೇಪವೂ ಅದೇ. ಅದರಲ್ಲಿ ಸರಕಿನ ಲೆಕ್ಕ ಉಂಟು, ವ್ಯಾಪಾರಿಗಳ ಮನಸ್ಸು ಉಂಟು. ಹಾಯಿ ಏರಿಸಿದವನು, ಹಗ್ಗ ಹೊಸೆದವನು ಮಸುಕು. ತಪ್ಪು ಘೋಷ್ ಅವರದ್ದಲ್ಲ. ಬರೆಯುವವರು ಬರೆದದ್ದಷ್ಟೇ ಉಳಿಯುತ್ತದೆ. ಆದರೂ ಅವರು ಮೊಗವೀರರ ಊರಿಗೆ ಹೋದರು. ಕಡಲಲ್ಲಿ ತೀರಿಹೋದ ಮುಸ್ಲಿಂ ನಾವಿಕನೇ ಬೊಬ್ಬರ್ಯನೆಂಬ ಕಥೆಯನ್ನು ಕೇಳಿದರು. ಮೊಗವೀರರು ಕೈಮುಗಿಯುವ ದೈವ ಬ್ಯಾರಿಗಳ ಪೈಕಿ ನಾವಿಕ! ನಾನಾದರೆ ಅಲ್ಲೇ ಕೂತುಬಿಡುತ್ತಿದ್ದೆ. ಅವರು ಓಲೆಗಳಿಗೆ ಮರಳಿದರು.

ಪಾಡ್ದನವೇ ಚರಿತ್ರೆ ಎಂದು ನಾನು ವಾದಿಸುವುದಿಲ್ಲ. ಅದರಲ್ಲಿ ಇಸವಿ ಇಲ್ಲ, ಹಾಡುವವರಿಂದ ಹಾಡುವವರಿಗೆ ಬದಲಾಗುತ್ತದೆ. ಆದರೆ ಕಡಲಿನಲ್ಲಿ ಯಾರು ಯಾರೊಟ್ಟಿಗೆ ದುಡಿದರು ಎಂಬ ನೆನಪು ಅದರಲ್ಲಿದೆ. ಓಲೆಯೊಟ್ಟಿಗೆ ಇಟ್ಟು ಓದಿದರೆ ಎರಡಕ್ಕೂ ಬೆಲೆ.

ಇದು ಮಂಗಳೂರಿನವರ ಕೆಲಸ ಎಂದು ನಾವು ಕೂರುವಂತಿಲ್ಲ. 16ನೇ ಶತಮಾನದ ಮೊದಲಿಗೆ ಈ ಕರಾವಳಿಯನ್ನು ಕಂಡ ಪೋರ್ಚುಗೀಸ ದುವಾರ್ತೆ ಬಾರ್ಬೊಸ ನಮ್ಮ ಕುಂಬಳೆಯ ಹೆಸರೆತ್ತಿದ್ದಾನೆ. ಇಲ್ಲಿಯ ಕಪ್ಪು ಅಕ್ಕಿ ಮಾಲ್ಡೀವ್ಸಿಗೆ ಹೋಗುತ್ತಿತ್ತಂತೆ, ಬದಲಿಗೆ ತೆಂಗಿನ ನಾರು ಬರುತ್ತಿತ್ತಂತೆ. ಆ ಅಕ್ಕಿ ಹೊತ್ತವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತೂ ಇಲ್ಲೇ ಇದ್ದಾರು. ಒಬ್ಬರು ತುಳು, ಒಬ್ಬರು ಬ್ಯಾರಿ, ಒಬ್ಬರು ಮಲಯಾಳ, ಒಬ್ಬರು ಕೊಂಕಣಿ ಮಾತಾಡುತ್ತಾರೆ. ಹೊರಗಿನಿಂದ ಬಂದ ಸಂಶೋಧಕನಿಗೆ ಇದು ತೊಡಕು, ನಮಗೆ ದಿನಬಳಕೆ.

ಸಂಶೋಧನೆಗೆ ಬೆಂಬಲ ಎಂದರೆ ದುಡ್ಡು ಮಾತ್ರ ಅಲ್ಲ. ಫೈಬರ್ ದೋಣಿ, ಎಂಜಿನ್ ಬಂದ ಮೇಲೆ ಗಾಳಿಯ ಹೆಸರು, ಮರದ ದೋಣಿಯ ಭಾಗಗಳ ಹೆಸರು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅವನ್ನು ಹೇಳಿದವರ ಬಾಯಿಮಾತಿನಲ್ಲೇ ಬರೆದಿಡಲು ವಾಚನಾಲಯದಲ್ಲಿ ಒಂದು ಪುಸ್ತಕ ಇಡೋಣ. ಶಾಲೆಯ ಮಕ್ಕಳು ಆದಿತ್ಯವಾರ ಒಂದೊಂದು ಮನೆಗೆ ಹೋಗಲಿ. ಹೇಳಿದವರ ಒಪ್ಪಿಗೆ ಕೇಳಲಿ, ಬರೆದದ್ದನ್ನು ಅವರಿಗೇ ಓದಿ ಹೇಳಲಿ.

ಮೊದಲ ಪುಟಕ್ಕೆ ನಾನು ಅಜ್ಜನ ಹತ್ತಿರ ಹೋಗುತ್ತೇನೆ. ಬೊಮ್ಮನ ಹಡಗು ಯಾರದ್ದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಯಾವ ಗಾಳಿಗೆ ಬಿಡುತ್ತಾರೆಂದು ಗೊತ್ತುಂಟು.