ಸೋಮಾದ ಕುದುರೆಗಳಿಗೆ ಸಿಕ್ಕ ಮೇ ತಿಂಗಳು

ಬಾಣಬಿರುಸು ಸಿಡಿಯುತ್ತಲೇ ಎರಡು ಬಾವುಟಗಳು ಬಿಚ್ಚಿಕೊಂಡು ಗಾಳಿಯಲ್ಲಿ ಓಲಾಡುತ್ತ ಇಳಿಯುತ್ತವೆ. ಕೆಳಗೆ ಕವಚ ತೊಟ್ಟ ಸವಾರರು ಆಕಾಶದತ್ತ ಕಣ್ಣು ನೆಟ್ಟೇ ಕುದುರೆ ನುಗ್ಗಿಸುತ್ತಾರೆ. ಚಾವಟಿ ಬೀಸಿ ಬಾವುಟ ಸೆಳೆದುಕೊಂಡವನು ಅಂಕುಡೊಂಕಿನ ದಿಬ್ಬ ಹತ್ತಿ ಓಡುತ್ತಾನೆ. ಜಪಾನಿನ ಫುಕುಶಿಮಾ ಪ್ರಾಂತದ ಮಿನಾಮಿಸೋಮಾದಲ್ಲಿ ನಡೆಯುವ ‘ಸೋಮಾ ನೋಮಾಓಯ್’ ಹಬ್ಬದ ಎರಡನೆಯ ದಿನದ ನೋಟವಿದು.

2023ರ ಜುಲೈ ಕೊನೆಯ ಬಿಸಿಲಿನಲ್ಲಿ ಇದೇ ಹಬ್ಬದ 111 ಕುದುರೆಗಳು ಕಾಯಿಲೆ ಬಿದ್ದವು. ಎರಡು ಸತ್ತವು.

ಮರುವರ್ಷ ಹಬ್ಬವನ್ನು ಮೇ ಕೊನೆಯ ವಾರಕ್ಕೆ ತಂದರು. ಸಾವಿರ ವರ್ಷಕ್ಕೂ ಹಳೆಯದೆಂದು ಹೇಳಿಕೊಳ್ಳುವ ಹಬ್ಬದ ದಿನವನ್ನು ಹವೆಗಾಗಿ ಕದಲಿಸಬಹುದೇ? ಖಂಡಿತ ಕದಲಿಸಬೇಕಿತ್ತು. ಜುಲೈ ಕೊನೆ ಎಂಬುದೇ ಇತ್ತೀಚಿನ ಏರ್ಪಾಡು. ಮೂಲದಲ್ಲಿ ಹಬ್ಬ ಬರುತ್ತಿದ್ದುದು ಹಳೆಯ ಚಾಂದ್ರಮಾನದ ಐದನೆಯ ತಿಂಗಳ ನಡುವೆ, ಪ್ರಾಣಿಗಳ ಹೆಸರಿನ ದಿನಚಕ್ರದಲ್ಲಿ ಬರುವ ‘ಕೋತಿ’ ದಿನದಂದು, ಅಂದರೆ ಹೆಚ್ಚುಕಡಿಮೆ ನಮ್ಮ ಜ್ಯೇಷ್ಠದಲ್ಲಿ. ಜಪಾನು 1873ರಲ್ಲಿ ಹೊಸ ಕ್ಯಾಲೆಂಡರಿಗೆ ಬದಲಾದ ಮೇಲೆ ಆ ಲೆಕ್ಕ ಸಡಿಲಿತು. ಜುಲೈ 11ರಿಂದ 13, 1966ರಿಂದ ಜುಲೈ 23ರಿಂದ 25, ಆಮೇಲೆ ವಾರಾಂತ್ಯದ ಅನುಕೂಲಕ್ಕೆ ತಿಂಗಳ ಕೊನೆ. ಹೀಗೆ ಒಂದೊಂದೇ ಹೆಜ್ಜೆ ಹಬ್ಬ ತಾನಾಗಿ ಬೇಗೆಯೊಳಕ್ಕೆ ನಡೆದಿತ್ತು. ಆ ಭಾಗದಲ್ಲಿ ಮುಂಗಾರು ತೆರಪಾಗಿ ಬಿಸಿಲು ಚುರುಗುಟ್ಟತೊಡಗುವುದೂ ಆಗಲೇ.

ಮೇ ಕೊನೆಯೂ ಮೂಲದ ದಿನವಲ್ಲ ನಿಜ. ಅದು ಮಳೆ ಹಿಡಿಯುವ ಮುಂಚಿನ ಸಂದು. ಭತ್ತದ ನಾಟಿಯ ತಿಂಗಳೂ ಹೌದಾದ್ದರಿಂದ ರೈತ ಸವಾರರಿಗೆ ಅದು ಹಗುರದ ಹೊರೆಯೇನಲ್ಲ. ಆದರೂ ಈ ಹಬ್ಬವನ್ನು ಅಳೆಯುವ ಕೋಲು ಕುದುರೆಯೇ. ಮೂರನೆಯ ದಿನ ಒದಾಕಾ ದೇಗುಲದ ಆವರಣದಲ್ಲಿ ಬಿಳಿ ಬಟ್ಟೆಯವರು ಬರಿಗೈಯಲ್ಲಿ ಕುದುರೆ ಹಿಡಿದು ದೇವರಿಗೆ ಒಪ್ಪಿಸುತ್ತಾರೆ. ಒಪ್ಪಿಸಬೇಕಾದ ಜೀವವೇ ಮೈದಾನದಲ್ಲಿ ಕುಸಿದರೆ ಆ ಪೂಜೆಗೆ ಏನರ್ಥ? ಇಲ್ಲಿ ಓಡುವ ಕುದುರೆಗಳಲ್ಲಿ ರೇಸಿನಿಂದ ನಿವೃತ್ತಿಯಾದವು ಬಹಳ. ಅವುಗಳನ್ನು ಮನೆಯ ಲಾಯದಲ್ಲೇ ಸಾಕುವ ಕುಟುಂಬಗಳಿವೆ. 2011ರ ಭೂಕಂಪ, ಸುನಾಮಿ, ಅಣುಸ್ಥಾವರದ ಅವಘಡ ಮೂರೂ ಒಟ್ಟಿಗೆ ಬಡಿದ ವರ್ಷವೂ ಈ ಜನ ಹಬ್ಬವನ್ನು ಕಿರಿದಾಗಿಸಿ ಉಳಿಸಿಕೊಂಡರು. ಆ ಅವಘಡಕ್ಕೆ ಊರು ಬಿಟ್ಟಿದ್ದ ಒದಾಕಾದ ನಿವಾಸಿಗಳಿಗೆ ಮರಳಿ ನೆಲೆಸಲು ಅನುಮತಿ ಸಿಕ್ಕಿದ್ದು 2016ರಲ್ಲಿ. ಅಷ್ಟು ಕಂಡವರು ತಾರೀಖಿಗೆ ಅಂಟಿಕೊಂಡು ಇನ್ನಷ್ಟು ಕುದುರೆ ಕಳೆದುಕೊಳ್ಳಲು ಒಪ್ಪದೆ ಇದ್ದದ್ದು ಅವರ ವಿವೇಕ.

ತಾರೀಖು ಕದಲಿದ ಮೇಲೆ ಇನ್ನೊಂದು ಕಟ್ಟಳೆಯೂ ಕದಲಿತು. ಹೆಣ್ಣುಮಕ್ಕಳು ಇಪ್ಪತ್ತರೊಳಗಿನವರೂ ಅವಿವಾಹಿತರೂ ಆಗಿದ್ದರೆ ಮಾತ್ರ ಸವಾರಿಗೆ ಅವಕಾಶವಿತ್ತು. 2025ರಲ್ಲಿ ಅದನ್ನು ತೆಗೆದುಹಾಕಿದರು. ವಯಸ್ಸಾಯಿತೆಂದೋ ಮದುವೆಯಾಯಿತೆಂದೋ ಜೀನು ಬಿಚ್ಚಿಟ್ಟಿದ್ದ ಹೆಂಗಸರಿಗೂ ಆ ಮೇ ತಿಂಗಳಲ್ಲಿ ಮತ್ತೆ ಕವಚ ತೊಡುವ ಹಾದಿ ತೆರೆಯಿತು.